ಶಾಸಕರ ಕೇಸಿನ ಕಟ್ಟು ಬಿಚ್ಚಿದಾಗ

ಮಂಡ್ಯ ಸೀಮೆಯಲ್ಲಿ ರಾಜಕಾರಣಿಯ ಮೇಲೆ ಒಂದೂ ಕ್ರಿಮಿನಲ್ ಕೇಸಿಲ್ಲ ಅಂದರೆ ಅದೇನೂ ಹೆಗ್ಗಳಿಕೆಯಲ್ಲ. ‘ಹಂಗಾದ್ರೆ ಕಾವೇರಿ ಗಲಾಟೇಲಿ ಈವಯ್ಯ ಎಲ್ಲೋಗಿದ್ದ?’ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಅದಕ್ಕೇ ‘ಇಂಥವರ ಮೇಲೆ ಇಷ್ಟು ಕೇಸು’ ಅನ್ನುವ ಪಟ್ಟಿಯನ್ನು ಚುನಾವಣೆ ಹೊತ್ತಿಗೆ ಅಚ್ಚು ಹಾಕುವುದು ನನಗೆ ಯಾವತ್ತೂ ರುಚಿಸಿಲ್ಲ. ಸಂಜಯ ವೃತ್ತದಲ್ಲಿ ರಸ್ತೆಗೆ ಅಡ್ಡ ಕೂತವನು, ಜಮೀನಿನ ಕಾಗದ ತಿದ್ದಿದ ಆರೋಪ ಹೊತ್ತವನು ಇಬ್ಬರೂ ಆ ಪಟ್ಟಿಯಲ್ಲಿ ಅಕ್ಕಪಕ್ಕ ಕೂತಿರುತ್ತಾರೆ.

ನಾನು ಜಿಲ್ಲೆಯ ಪತ್ರಿಕೆಗೆ ವರದಿ ಮಾಡುವವನು. ಅಭ್ಯರ್ಥಿಗಳು ನಾಮಪತ್ರದ ಜತೆ ಕೊಡುವ ಅಫಿಡವಿಟ್ (ಪ್ರಮಾಣಪತ್ರ) ಓದುವ ಕೆಲಸ ಸಂಪಾದಕರು ನನಗೇ ಅಂಟಿಸಿದ್ದಾರೆ. ಈ ಭಾಗದ ಒಬ್ಬ ಮಾಜಿ ಶಾಸಕರ ಕೇಸುಗಳನ್ನು ಹೇಗೆ ಹಿಂಬಾಲಿಸಿದೆ ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ. ಹೆಸರು, ಕ್ಷೇತ್ರ ಬೇಡ. ಒಂದು ಕೇಸಿನ ವಿಚಾರಣೆ ಇನ್ನೂ ಮುಗಿದಿಲ್ಲ.

ಅವರ ರಾಜಕೀಯದ ದಾರಿ ಇಲ್ಲಿನವರಿಗೆ ಹೊಸದಲ್ಲ. ಮೊದಲು ರೈತರ ಹೋರಾಟ, ಆಮೇಲೆ ಸೊಸೈಟಿ, ಟಿಎಪಿಸಿಎಂಎಸ್ (ತಾಲ್ಲೂಕು ಕೃಷಿ ಉತ್ಪನ್ನ ಮಾರಾಟ ಸಹಕಾರ ಸಂಘ), ಜಿಲ್ಲಾ ಪಂಚಾಯಿತಿ, ಕೊನೆಗೆ ವಿಧಾನಸಭೆ. ನಾನು ಮೊದಲು ಮಾಡಿದ್ದು, ಅವರ 2013, 2018, 2023ರ ಅಫಿಡವಿಟ್ ಮೂರನ್ನೂ ಪ್ರಿಂಟ್ ತೆಗೆದು ಮೇಜಿನ ಮೇಲೆ ಸಾಲಾಗಿ ಹರಡಿಕೊಂಡಿದ್ದು. ಚುನಾವಣಾ ಆಯೋಗದ ಪೋರ್ಟಲ್‌ನಲ್ಲಿ ಇವು ಯಾರಿಗಾದರೂ ಸಿಗುತ್ತವೆ. ಪುಟಪುಟಕ್ಕೂ ನೋಟರಿ ಸೀಲು, ನೀಲಿ ಶಾಯಿಯ ಸಹಿ, ಸ್ಕ್ಯಾನ್ ಮಾಡುವಾಗ ಓರೆಯಾದ ಹಾಳೆ. ಎಲ್ಲರ ಕಣ್ಣೂ ಆಸ್ತಿ ವಿವರದ ಮೇಲೆ, ಹೆಂಡತಿಯ ಚಿನ್ನ ಎಷ್ಟು ಗ್ರಾಂ ಅನ್ನುವುದರ ಮೇಲೆ. ನಾನು ನೇರವಾಗಿ ಐದನೇ ಕಲಮಿಗೆ ಹೋಗುತ್ತೇನೆ. ಬಾಕಿ ಇರುವ ಕ್ರಿಮಿನಲ್ ಕೇಸುಗಳು ಇರುವುದು ಅಲ್ಲಿ. ಆರನೆಯದು ಶಿಕ್ಷೆಯಾದ ಕೇಸುಗಳದ್ದು.

ಮೂರನ್ನೂ ಒಟ್ಟಿಗೆ ಇಟ್ಟರೆ 2023ರಲ್ಲಿ ಕೇಸು ಧುತ್ತೆಂದು ಹೆಚ್ಚಿದಂತೆ ಕಾಣುತ್ತದೆ. ಎದುರಾಳಿಗಳು ಅದನ್ನೇ ಹಿಡಿದು ವಾಟ್ಸ್‌ಆ್ಯಪ್‌ನಲ್ಲಿ ಹರಿಬಿಟ್ಟಿದ್ದರು. ಅದರಲ್ಲಿ ಅರ್ಧದಷ್ಟು ಅಫಿಡವಿಟ್‌ನ ನಮೂನೆ ಬದಲಾಗಿದ್ದರ ಫಲ. ಹಳೆಯ ನಮೂನೆ 26ರಲ್ಲಿ ಕೋರ್ಟು ದೋಷಾರೋಪ ಹೊರಿಸಿದ ಅಥವಾ ವಿಚಾರಣೆಗೆ ಅಂಗೀಕರಿಸಿದ ಕೇಸನ್ನಷ್ಟೇ ಬರೆದರೆ ಸಾಕಿತ್ತು. 2018ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂತು, ಅಕ್ಟೋಬರ್‌ನಲ್ಲಿ ನಮೂನೆ ತಿದ್ದಿದರು. ಅಲ್ಲಿಂದ ಬರೀ ಎಫ್‌ಐಆರ್ ಹಂತದಲ್ಲಿರುವ ಕೇಸನ್ನೂ ಠಾಣೆಯ ಹೆಸರು ಸಮೇತ ಕಾಣಿಸಬೇಕು. ನಮ್ಮ ವಿಧಾನಸಭೆ ಚುನಾವಣೆ ನಡೆದದ್ದು 2018ರ ಮೇ ತಿಂಗಳಲ್ಲಿ, ಅಂದರೆ ಹಳೆಯ ನಮೂನೆಯಲ್ಲೇ. ಇದು ಗೊತ್ತಿಲ್ಲದೆ ಎರಡು ಚುನಾವಣೆಯ ಸಂಖ್ಯೆಗಳನ್ನು ತಾಳೆ ಹಾಕಿದರೆ ತಪ್ಪು ಸುದ್ದಿಯೇ ಹುಟ್ಟುವುದು.

ಮುಂದಿನ ಕೆಲಸ ಸೆಕ್ಷನ್ ಓದುವುದು. ಐಪಿಸಿ (ಭಾರತೀಯ ದಂಡ ಸಂಹಿತೆ) 143, 147, 341, 283, ಜತೆಗೆ 149 ಸಾಲಾಗಿ ಕಂಡರೆ ಮಂಡ್ಯದವರಿಗೆ ವಿವರಣೆ ಬೇಕಿಲ್ಲ: ಅಕ್ರಮ ಕೂಟ, ದೊಂಬಿ, ಅಡ್ಡಗಟ್ಟುವುದು, ರಸ್ತೆ ತಡೆ. 2016ರ ಸೆಪ್ಟೆಂಬರ್‌ನ ಕಾವೇರಿ ಗಲಾಟೆಯ ಕೇಸುಗಳಲ್ಲಿ ಇದೇ ಮಗ್ಗಿ. 341ಕ್ಕೆ ಹೆಚ್ಚೆಂದರೆ ಒಂದು ತಿಂಗಳ ಸಾದಾ ಸಜೆ, 283ಕ್ಕೆ 200 ರೂಪಾಯಿ ದಂಡ. ಆದರೆ ಹೆದ್ದಾರಿ ಅಂದಮೇಲೆ ಕೆಲವೊಮ್ಮೆ ರಾಷ್ಟ್ರೀಯ ಹೆದ್ದಾರಿ ಕಾಯ್ದೆಯ 8ಬಿ ಕೂಡ ಬಂದು ಸೇರಿಕೊಳ್ಳುತ್ತದೆ, ಅದಕ್ಕೆ ಐದು ವರ್ಷದವರೆಗೆ ಜೈಲಿದೆ. ಹಾಗಾಗಿ ‘ಬರೀ ಹೋರಾಟದ ಕೇಸು ಬುಡಿ’ ಅಂತ ತಳ್ಳಿಹಾಕುವಂತೆಯೂ ಇಲ್ಲ. 353 ಕಂಡರೆ ನಾನು ನಿಲ್ಲುತ್ತೇನೆ. ಸರ್ಕಾರಿ ನೌಕರನ ಮೇಲೆ ಕೈಮಾಡಿದ ಆರೋಪ ಅದು. ಬಂದೋಬಸ್ತಿನ ತಳ್ಳಾಟದಲ್ಲೂ ಹಾಕುತ್ತಾರೆ, ಕಚೇರಿಗೆ ನುಗ್ಗಿ ಗ್ರಾಮಲೆಕ್ಕಿಗನಿಗೆ ಹೊಡೆದರೂ ಹಾಕುತ್ತಾರೆ. ಎಫ್‌ಐಆರ್‌ನ ಒಕ್ಕಣೆ ಓದದೆ ಎರಡರ ವ್ಯತ್ಯಾಸ ತಿಳಿಯುವುದಿಲ್ಲ. 2024ರ ಜುಲೈ 1ರಿಂದ ಈಚಿನ ಕೇಸುಗಳಲ್ಲಿ ಸಂಖ್ಯೆಗಳೇ ಬೇರೆ: 353 ಈಗ ಐಪಿಸಿ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯ 132, 420 ಈಗ 318(4). ಹಳೇ ಮಗ್ಗಿ ಬಾಯಿಪಾಠ ಆಗಿದ್ದವರಿಗೆ ಇದೊಂದು ಕಾಟ.

ನೀತಿ ಸಂಹಿತೆ ಉಲ್ಲಂಘನೆಯ ಕೇಸುಗಳದ್ದು ಇನ್ನೊಂದು ಕತೆ. ಅಧಿಕಾರಿಯ ಆದೇಶ ಮೀರಿದ್ದಕ್ಕೆ ಐಪಿಸಿ 188, ಚುನಾವಣಾ ಅಪರಾಧಗಳಿಗೆ 171ರ ಸರಣಿ. ಚುನಾವಣೆ ಮುಗಿದ ಮೇಲೆ ಇವುಗಳಲ್ಲಿ ಹಲವು ಹೈಕೋರ್ಟಿನಲ್ಲಿ ರದ್ದಾಗಿ ಹೋಗುತ್ತವೆ. 188ಕ್ಕೆ ಸಂಬಂಧಪಟ್ಟ ಅಧಿಕಾರಿಯೇ ಕೋರ್ಟಿಗೆ ಲಿಖಿತ ದೂರು ಕೊಡಬೇಕು. 171ರಂಥವಕ್ಕೆ ಪೊಲೀಸರು ಮೊದಲು ಮ್ಯಾಜಿಸ್ಟ್ರೇಟರ ಅನುಮತಿ ಪಡೆಯಬೇಕು. ಆ ಆತುರದಲ್ಲಿ ಇದನ್ನೆಲ್ಲ ನೋಡುವವರು ಯಾರು? ನಮ್ಮ ಮಾಜಿ ಶಾಸಕರ ಇಂಥ ಕೇಸುಗಳೂ ಹೀಗೆಯೇ ಬಿದ್ದುಹೋಗಿದ್ದವು. ಅವು ಆರೋಪ ಸುಳ್ಳೆಂದು ಬಿದ್ದದ್ದಲ್ಲ, ಕ್ರಮ ತಪ್ಪಿದ್ದಕ್ಕೆ ಬಿದ್ದದ್ದು. ಬೆಂಬಲಿಗರು ಮಾತ್ರ ‘ಕೋರ್ಟೇ ಕ್ಲೀನ್ ಚಿಟ್ ಕೊಡ್ತು’ ಅಂತ ಫ್ಲೆಕ್ಸ್ ಹಾಕಿದ್ದರು.

ಇವೆಲ್ಲದರ ನಡುವೆ ಒಂದು ಸಾಲು ಬೇರೆಯದೇ ಇತ್ತು. ಐಪಿಸಿ 420, 468, 471. ವಂಚನೆ, ವಂಚನೆಗಾಗಿ ಸುಳ್ಳು ದಾಖಲೆ ಸೃಷ್ಟಿ, ಅದರ ಬಳಕೆ. ಮೊದಲೆರಡಕ್ಕೂ ಏಳು ವರ್ಷದವರೆಗೆ ಶಿಕ್ಷೆ. ಜಮೀನಿನ ವ್ಯವಹಾರ, ಖಾಸಗಿ ಫಿರ್ಯಾದು. 2013ರಲ್ಲಿ ಇಲ್ಲ, 2018ರಲ್ಲಿದೆ, 2023ರಲ್ಲೂ ಇದೆ. ‘ಸಂಕ್ಷಿಪ್ತ ವಿವರ’ ಎನ್ನುವ ಜಾಗದಲ್ಲಿ ಬರೆದದ್ದು ಎರಡೇ ಪದ: ‘ಸಿವಿಲ್ ಸ್ವರೂಪದ್ದು’. ರಸ್ತೆ ತಡೆ ಕೇಸುಗಳಿಗೆ ಮಾತ್ರ ದಿನಾಂಕ, ಸ್ಥಳ, ಯಾವ ನೀರಿನ ಹೋರಾಟ ಎಲ್ಲವೂ ವಿವರವಾಗಿತ್ತು.

ಆ ಸಾಲನ್ನು ಹಿಡಿದುಕೊಂಡು, ಕೋರ್ಟುಗಳ ಕೇಸಿನ ಮಾಹಿತಿ ಸಿಗುವ ಇ-ಕೋರ್ಟ್ಸ್ ಜಾಲತಾಣಕ್ಕೆ ಹೋದೆ. ಹೆಸರು ಹಾಕಿ ಹುಡುಕುವುದು ವ್ಯರ್ಥ ಶ್ರಮ. ‘ಗೌಡ’ ಅನ್ನುವುದನ್ನೇ ಇಂಗ್ಲಿಷಿನಲ್ಲಿ ಎರಡು ಮೂರು ಥರ ಬರೆಯುತ್ತಾರೆ, ಇನಿಷಿಯಲ್ ಒಮ್ಮೆ ಮುಂದೆ, ಒಮ್ಮೆ ಹಿಂದೆ. ಮೇಲಾಗಿ ಶೀರ್ಷಿಕೆಯಲ್ಲಿ ಇರುವುದು ಮೊದಲ ಆರೋಪಿಯ ಹೆಸರು ‘ಮತ್ತು ಇತರರು’. ನಮ್ಮವರು ಆ ಇತರರಲ್ಲಿ ಒಬ್ಬರು. ಠಾಣೆ, ಕ್ರೈಂ ನಂಬರ್, ವರ್ಷ ಹಾಕಿ ಹುಡುಕುವುದೇ ಸರಿಯಾದ ದಾರಿ. ಸಿಎನ್‌ಆರ್ ಎನ್ನುವ 16 ಅಕ್ಷರ-ಅಂಕಿಗಳ ಗುರುತು ಒಮ್ಮೆ ಕೈಗೆ ಸಿಕ್ಕರೆ ಮುಂದಿನದು ಸಲೀಸು.

ಮಂಡ್ಯ ಕೋರ್ಟಿನ ಪಟ್ಟಿಯಲ್ಲಿ ಕೇಸು ‘ವಿಲೇವಾರಿ’ ಅಂತ ತೋರಿಸುತ್ತಿತ್ತು. ಅದನ್ನೇ ನಂಬಿ ‘ಮುಗಿದ ಕೇಸು’ ಎಂದು ಬರೆಯುವ ಹಾಗಿರಲಿಲ್ಲ, ಯಾಕೆಂದರೆ ಹಾಲಿ, ಮಾಜಿ ಶಾಸಕರ ಕೇಸುಗಳು 2018ರಿಂದ ಬೆಂಗಳೂರಿನ ಜನಪ್ರತಿನಿಧಿಗಳ ವಿಶೇಷ ನ್ಯಾಯಾಲಯಕ್ಕೆ ವರ್ಗವಾಗುತ್ತಿವೆ. ಅಲ್ಲಿ ಹೊಸ ನಂಬರ್ ಬೀಳುತ್ತದೆ, ಇಲ್ಲಿ ‘ವಿಲೇ’ ಆಗುತ್ತದೆ. ಮುಡಾ (ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರ) ನಿವೇಶನದ ಪ್ರಕರಣವನ್ನೇ ನೋಡಿ. ನಿವೇಶನಗಳಿರುವುದು ಮೈಸೂರಿನಲ್ಲಿ, ಸಿದ್ದರಾಮಯ್ಯನವರು ವರುಣಾದ ಶಾಸಕರು, 2024ರ ಸೆಪ್ಟೆಂಬರ್ 27ರಂದು ಎಫ್‌ಐಆರ್ ಹಾಕಿದ್ದು ಮೈಸೂರು ಲೋಕಾಯುಕ್ತ ಪೊಲೀಸರು. ತನಿಖೆಗೆ ಆದೇಶಿಸಿದ ಕೋರ್ಟ್ ಮಾತ್ರ ಬೆಂಗಳೂರಿನದು. ಸಿದ್ದರಾಮಯ್ಯ ಮತ್ತು ಅವರ ಕುಟುಂಬದವರ ವಿರುದ್ಧ ಪುರಾವೆ ಸಾಲದೆಂದು 2025ರ ಫೆಬ್ರುವರಿಯಲ್ಲಿ ಪೊಲೀಸರು ವರದಿ ಸಲ್ಲಿಸಿದ್ದೂ ಆ ಕೋರ್ಟಿಗೇ. 2023ರ ಅಫಿಡವಿಟ್ ತಿರುವಿ ಹಾಕಿದರೆ ಇದರ ಸುಳಿವೇ ಇಲ್ಲ, ಇರಲು ಸಾಧ್ಯವೂ ಇಲ್ಲ. ಅಫಿಡವಿಟ್ ಹೇಳುವುದು ನಾಮಪತ್ರ ಕೊಟ್ಟ ದಿನದ ಸ್ಥಿತಿಯನ್ನು ಮಾತ್ರ.

ನನಗೆ ಇದನ್ನೆಲ್ಲ ಕಲಿಸಿದ್ದು ಮಂಡ್ಯ ಕೋರ್ಟಿನ ಒಬ್ಬ ಹಿರಿಯ ವಕೀಲರು. ‘ಎಫ್‌ಐಆರ್ ನೋಡ್ಕಂಡು ಕುಣೀಬ್ಯಾಡ ಕಣಯ್ಯ, ಆರ್ಡರ್ ಶೀಟ್ ಓದು. ಕೇಸು ಎಂಗ್ ನಡೀತಾ ಅದೆ ಅಂತ ಅದೇ ಯೋಳ್ತದೆ’ ಅನ್ನುತ್ತಿದ್ದರು. ನಿಜ. ಪ್ರತಿ ವಾಯಿದೆಯಲ್ಲೂ ಏನಾಯಿತೆಂದು ಕೋರ್ಟು ಬರೆದಿಡುವ ಹಾಳೆ ಅದು. ಈ ಕೇಸಿನ ಆರ್ಡರ್ ಶೀಟಿನಲ್ಲಿ ಹಾಳೆಗಟ್ಟಲೆ ಒಂದೇ ರಾಗ: ‘ಎ-3 ಗೈರು. ಇ.ಪಿ. ಸಲ್ಲಿಕೆ, ಅಂಗೀಕಾರ. ಎಚ್‌ಬಿಸಿಗೆ.’ ಎ-3 ಅಂದರೆ ಮೂರನೇ ಆರೋಪಿ, ನಮ್ಮ ಮಾಜಿ ಶಾಸಕರು. ಇ.ಪಿ. ಅಂದರೆ ಹಾಜರಾತಿಯಿಂದ ವಿನಾಯಿತಿ ಕೋರುವ ಅರ್ಜಿ. ಎಚ್‌ಬಿಸಿ ಅಂದರೆ ದೋಷಾರೋಪ ಹೊರಿಸುವ ಮುಂಚಿನ ವಿಚಾರಣೆ. ಒಂದು ವಾಯಿದೆಗೆ ಸದನ ನಡೆಯುತ್ತಿದೆ ಎಂಬ ಕಾರಣ, ಇನ್ನೊಂದಕ್ಕೆ ಆರೋಗ್ಯ, ಮತ್ತೊಂದಕ್ಕೆ ಕಾರಣವೇ ಇಲ್ಲ. ಆರೋಗ್ಯ ಸರಿಯಿಲ್ಲ ಎಂದಿದ್ದ ದಿನ ಅವರು ಕ್ಷೇತ್ರದಲ್ಲಿ ಗುದ್ದಲಿ ಪೂಜೆ ಮಾಡಿದ್ದರು. ಆ ಫೋಟೊ ನಮ್ಮ ಪತ್ರಿಕೆಯಲ್ಲೇ ಬಂದಿತ್ತು. ಆರ್ಡರ್ ಶೀಟಿನ ದಿನಾಂಕಗಳನ್ನು ಪತ್ರಿಕೆಯ ಹಳೆಯ ಕಟ್ಟಿನ ಜತೆ ತಾಳೆ ನೋಡುವುದು ನನ್ನ ಮಟ್ಟಿಗೆ ಈ ಇಡೀ ಕೆಲಸದ ಅತಿ ಸ್ವಾರಸ್ಯದ ಭಾಗ.

‘ಇಷ್ಟೆಲ್ಲಾ ಇದ್ರೂ ಯಾಕ್ ಸಾ ಚುನಾವಣೆಗೆ ನಿಲ್ಲಕ್ ಬುಡ್ತಾರೆ?’ ಅನ್ನುವ ಪ್ರಶ್ನೆ ಟೀ ಅಂಗಡಿಯಲ್ಲಿ ತಪ್ಪದೆ ಬರುತ್ತದೆ. ಆರೋಪಪಟ್ಟಿ ಎಷ್ಟೇ ದಪ್ಪ ಇದ್ದರೂ ಸ್ಪರ್ಧೆಗೆ ಅಡ್ಡಿಯಿಲ್ಲ. ಪ್ರಜಾಪ್ರತಿನಿಧಿ ಕಾಯ್ದೆಯ 8ನೇ ಸೆಕ್ಷನ್‌ನಲ್ಲಿ ಕೆಲವು ನಿರ್ದಿಷ್ಟ ಅಪರಾಧಗಳಿಗೆ ಬೇರೆ ಲೆಕ್ಕವಿದೆ. ಉಳಿದವುಗಳಲ್ಲಿ ಎರಡು ವರ್ಷ ಅಥವಾ ಅದಕ್ಕಿಂತ ಹೆಚ್ಚಿನ ಶಿಕ್ಷೆಯಾದರೆ ಮಾತ್ರ ಅನರ್ಹತೆ, ಅದು ಬಿಡುಗಡೆಯ ನಂತರವೂ ಆರು ವರ್ಷ ಇರುತ್ತದೆ. ಮೊದಲು ಹಾಲಿ ಸದಸ್ಯರಿಗೆ ಮೇಲ್ಮನವಿಗೆಂದು ಮೂರು ತಿಂಗಳ ರಕ್ಷಣೆ ಇತ್ತು. 2013ರ ಜುಲೈ 10ರಂದು ಲಿಲಿ ಥಾಮಸ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು ಅದನ್ನು ತೆಗೆದುಹಾಕಿತು. ಗಂಗಾವತಿ ಶಾಸಕ ಜನಾರ್ದನ ರೆಡ್ಡಿಯವರಿಗೆ 2025ರ ಮೇ 6ರಂದು ಹೈದರಾಬಾದಿನ ಸಿಬಿಐ ಕೋರ್ಟ್ ಏಳು ವರ್ಷ ಶಿಕ್ಷೆ ವಿಧಿಸಿದಾಗ ಅಂದಿನಿಂದಲೇ ಸದಸ್ಯತ್ವ ಹೋಯಿತು. ಜೂನ್‌ನಲ್ಲಿ ತೆಲಂಗಾಣ ಹೈಕೋರ್ಟ್ ತಡೆ ಕೊಟ್ಟ ಮೇಲೆ ಮರಳಿತು. ಇನ್ನೊಂದು ಕಡೆ, 2023ರ ಡಿಸೆಂಬರ್‌ನಲ್ಲಿ ಚೆಕ್ ಬೌನ್ಸ್ ಕೇಸಿನಲ್ಲಿ ಸಚಿವ ಮಧು ಬಂಗಾರಪ್ಪನವರು ದೋಷಿ ಎಂದಾಯಿತು. ವಿಧಿಸಿದ್ದು ಸುಮಾರು 6.96 ಕೋಟಿ ರೂಪಾಯಿ ದಂಡ, ಹಾಗಾಗಿ ಶಾಸಕ ಸ್ಥಾನಕ್ಕೆ ಏನೂ ಆಗಲಿಲ್ಲ. ಈ ಎರಡನ್ನೂ ಹೇಳಿದರೆ ಟೀ ಅಂಗಡಿಯವರಿಗೆ ಅರ್ಥವಾಗುತ್ತದೆ. ಒಪ್ಪುವುದಿಲ್ಲ, ಅದು ಬೇರೆ.

ಕೇಸಿರುವ ಅಭ್ಯರ್ಥಿ ಅದನ್ನು ಮೂರು ಸಲ ಪತ್ರಿಕೆಯಲ್ಲಿ ಪ್ರಕಟಿಸಬೇಕು, ಟಿಕೆಟ್ ಕೊಟ್ಟ ಪಕ್ಷ ‘ಕೇಸಿಲ್ಲದವರು ಯಾಕೆ ಸಿಗಲಿಲ್ಲ’ ಎಂದು ಕಾರಣ ಕೊಡಬೇಕು. ಗೆಲ್ಲುವ ಕುದುರೆ ಎನ್ನುವುದಷ್ಟೇ ಕಾರಣವಾಗಬಾರದು ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅದರಿಂದಾಗಿ ‘ಜನಾನುರಾಗಿ, ಕೇಸುಗಳು ರಾಜಕೀಯ ಪ್ರೇರಿತ’ ಎಂಬ ಒಂದೇ ಒಕ್ಕಣೆ ಎಲ್ಲರಿಗೂ ಅಂಟುತ್ತದೆ. ಇದರಲ್ಲಿ ನನಗೆ ಸಿಕ್ಕಿದ್ದು ಏನೂ ಇಲ್ಲ.

ಬರೆಯಲು ಕೂತಾಗ ನಾನೇ ಹಾಕಿಕೊಂಡ ಕಟ್ಟುಪಾಡು ಇಷ್ಟೇ. ರಸ್ತೆ ತಡೆ ಕೇಸುಗಳೆಲ್ಲ ಒಂದು ಪ್ಯಾರಾ, ಜಮೀನಿನ ಕೇಸಿಗೆ ಉಳಿದ ಜಾಗ. ‘ಆರೋಪಿ’ ಎಂದು ಬರೆಯಬೇಕಾದ ಕಡೆ ತಲೆಬರಹದಲ್ಲೂ ಅದೇ ಪದ. ಖುಲಾಸೆಯಾದ ಕೇಸುಗಳು ಸಾಕ್ಷಿಗಳು ತಿರುಗಿಬಿದ್ದು ಖುಲಾಸೆಯಾದವೋ ಬೇರೆ ಕಾರಣಕ್ಕೋ ಅನ್ನುವುದು ತೀರ್ಪಿನ ನಕಲು ಕೈಯಲ್ಲಿದ್ದರೆ ಮಾತ್ರ. ನಕಲಿಗೆ ಅರ್ಜಿ ಹಾಕಿ ಕಾಯುವಷ್ಟರಲ್ಲಿ ಸುದ್ದಿಯ ಬಿಸಿ ಆರುತ್ತದೆ ಎಂದು ಡೆಸ್ಕಿನವರು ಗೊಣಗಿದರು, ಗೊಣಗಲಿ.

ಅಚ್ಚಿಗೆ ಹೋಗುವ ಮುನ್ನ ಅವರಿಗೇ ಫೋನ್ ಮಾಡಿದೆ. ಸಿಟ್ಟಾಗಲಿಲ್ಲ. ‘ಕಾವೇರಿ ಕೇಸು ಒಂದೂ ಬುಡ್ಬೇಡಿ, ಎಲ್ಲಾ ಹಾಕಿ. ಜಮೀನಿಂದು ಕೋರ್ಟಲ್ಲದೆ, ಅದರ ಬಗ್ಗೆ ಮಾತಾಡಕಿಲ್ಲ’ ಎಂದರು. ಎರಡನ್ನೂ ಅವರು ಹೇಳಿದ ಹಾಗೆಯೇ ಹಾಕಿದೆವು. ಜಮೀನಿನ ಕೇಸಿನಲ್ಲಿ ಆಮೇಲೆ ದೋಷಾರೋಪ ಹೊರಿಸಿದ್ದಾಗಿದೆ. ಈಗ ಫಿರ್ಯಾದುದಾರರ ಪಾಟಿ ಸವಾಲು ನಡೆಯುತ್ತಿದೆ.