ಮಂಟಪದ ಬೆಳಕಲ್ಲೇ 85 ಎಂಎಂ ಸರಿಮಾಡಿದ್ದು

ಮದುವೆ ಫೋಟೊ ತೆಗೆಯುವ ನನ್ನ 85 ಎಂಎಂ ಲೆನ್ಸಿನ ಫೋಕಸ್ ಕಣ್ಣು ಬಿಟ್ಟು ಬೇರೆಡೆ ಕೂರುತ್ತಿತ್ತು. ಅದನ್ನು ಎಫ್/1.8ರಲ್ಲಿಟ್ಟು (ಲೆನ್ಸಿನ ರಂಧ್ರ ಅಗಲವಾಗಿ ತೆರೆದು) ಧಾರೆ ತೆಗೆಯಲು ಆಗಲ್ಲ, ರಂಧ್ರ ಕಿರಿದು ಮಾಡಿ ಎಫ್/4ಕ್ಕೆ ಇಳಿ, ಇಲ್ಲಾಂದ್ರೆ ಕನ್ನಡಿಯಿಲ್ಲದ ಮಿರರ್‌ಲೆಸ್ ತಗೋ ಅಂದವರೇ ಎಲ್ಲ. ಅದೇ ಹಳೇ ಡಿಎಸ್‌ಎಲ್‌ಆರ್ (ಒಳಗೆ ಕನ್ನಡಿ ಇರುವ ಕ್ಯಾಮೆರಾ) ಬಾಡಿಯಲ್ಲಿ ಈಗ ಹತ್ತು ಫ್ರೇಮಿಗೆ ಎಂಟರಲ್ಲಿ ಫೋಕಸ್ ರೆಪ್ಪೆಯ ಮೇಲೆ ಕೂರುತ್ತಿದೆ. ಮೊದಲು ಮೂರೋ ನಾಲ್ಕೋ ಸಿಕ್ಕರೆ ಹೆಚ್ಚು.

ದುಡ್ಡು ಹೋದ ದಾರಿ ಮೊದಲು. ಸರ್ವಿಸ್‌ಗೆ ಸುಮಾರು 3,500 ರೂಪಾಯಿ. ‘ಲೆನ್ಸ್ ಸರಿಯಾಗೇ ಇದೆ’ ಎಂದು ವಾಪಸ್ ಬಂತು. ಫೋಕಸ್ ತಪ್ಪು ಅಳೆಯುವ ಓರೆ ಸ್ಕೇಲಿನ ಚಾರ್ಟ್‌ಗೆ 2,000ದ ಆಸುಪಾಸು. ಆ ಸ್ಕೇಲಿಗೇ ಫೋಕಸ್ ಹಿಡಿದಿದ್ದು ದೊಡ್ಡ ತಪ್ಪು. ವ್ಯೂಫೈಂಡರಿನಲ್ಲಿ ಕಾಣುವ ಚೌಕಕ್ಕಿಂತ ಎಎಫ್ (ತಾನೇ ಫೋಕಸ್ ಹಿಡಿಯುವ ಆಟೊಫೋಕಸ್) ಸೆನ್ಸರಿನ ಹರವು ದೊಡ್ಡದು, ಅದು ಪಕ್ಕದ ದಪ್ಪ ಅಂಕಿಯನ್ನು ಹಿಡಿದುಬಿಡುತ್ತದೆ. ಗುರಿ ಚಪ್ಪಟೆಯಾಗಿ ಲೆನ್ಸಿಗೆ ನೇರ ಎದುರಿಗಿರಬೇಕು; ಸ್ಕೇಲು ಪಕ್ಕದಲ್ಲಿ ಸಾಕ್ಷಿಗೆ ಮಾತ್ರ. 45 ಡಿಗ್ರಿ ಓರೆಯಲ್ಲಿ 1 ಸೆಂ.ಮೀ. ತಪ್ಪು ಕಂಡರೆ ನಿಜದಲ್ಲಿ 7 ಮಿ.ಮೀ.

ಫೈನ್ ಟ್ಯೂನ್, ಅಂದರೆ ಆಟೊಫೋಕಸನ್ನು ತುಸು ಮುಂದೆ-ಹಿಂದೆ ಸರಿಸುವ ಕ್ಯಾಮೆರಾದ ಅಂಕಿ, ಕಂಡುಕೊಳ್ಳಲು ಕೊನೆಗೆ ಕೈಹಿಡಿದದ್ದು ಚುಕ್ಕಿ ಲೆಕ್ಕ. ಟ್ರೈಪಾಡ್ ಮೇಲೆ ಕ್ಯಾಮೆರಾ, ಗುರಿ 2 ಮೀಟರ್ ದೂರ, ಏಕೆಂದರೆ ಮಂಟಪದಲ್ಲಿ ನಾನು ನಿಲ್ಲುವುದು ಅಷ್ಟು ದೂರದಲ್ಲೇ. ಫೋಕಲ್ ಲೆಂತ್‌ನ 50 ಪಟ್ಟು ಎಂಬ ಸೂತ್ರ ಹಿಡಿದು 4.25 ಮೀಟರಿನಲ್ಲಿ ಅಳೆದ ಅಂಕಿ ಇಲ್ಲಿಗೆ ಹೊಂದಲಿಲ್ಲ. ಲೈವ್ ವ್ಯೂನಲ್ಲಿ (ಕ್ಯಾಮೆರಾ ಹಿಂದಿನ ಪರದೆಯ ನೇರ ದೃಶ್ಯದಲ್ಲಿ) ಪೂರ್ತಿ ಹಿಗ್ಗಿಸಿ ಕೈಯಲ್ಲೇ ಫೋಕಸ್ ಮಾಡಿ. ಅಲ್ಲಿ ಕಾಣುವುದು ಫೋಟೊ ತೆಗೆಯುವ ಸೆನ್ಸರಿನ ಚಿತ್ರವೇ, ಕನ್ನಡಿಯ ಮೂಲಕ ಎಎಫ್ ಸೆನ್ಸರಿಗೆ ಹೋಗುವ ದಾರಿಯ ತಪ್ಪು ಅದಕ್ಕೆ ತಾಕದು. ಲೈವ್ ವ್ಯೂ ಆಫ್ ಮಾಡಿ, ಲೆನ್ಸ್ ಸ್ವಿಚ್ ಎಂ (ಕೈಯಲ್ಲಿ ಫೋಕಸ್) ಮೇಲೆ ಬಿಡಿ, ರಿಂಗ್ ಮುಟ್ಟಬೇಡಿ. ಫೈನ್ ಟ್ಯೂನನ್ನು -20ರಿಂದ +20ರವರೆಗೆ ಒಂದೊಂದೇ ಸರಿಸುತ್ತಾ, ಶಟರ್ ಅರ್ಧ ಒತ್ತಿ ವ್ಯೂಫೈಂಡರಿನಲ್ಲಿ ಫೋಕಸ್ ಸಿಕ್ಕಿತೆಂದು ಉರಿಯುವ ಚುಕ್ಕಿ ನೋಡಿ. ಮಿನುಗದೆ ನಿಂತು ಉರಿಯುವ ಮೊದಲ ಅಂಕಿ, ಕೊನೆಯ ಅಂಕಿ ಬರೆದುಕೊಂಡು ನಡುವಿನದನ್ನು ಹಾಕಿ. ಕಿಟಕಿ ಬೆಳಕಲ್ಲಿ ನನಗೆ -17ರಿಂದ +1 ಬಂತು, ಅಂದರೆ -8.

ಆ -8 ಇಟ್ಟುಕೊಂಡು ಮುಹೂರ್ತಕ್ಕೆ ಹೋದರೆ ಮೂಗಿನ ತುದಿ ಚೂಪು, ಕಣ್ಣು ಮಸುಕು. 2 ಮೀಟರಿನಲ್ಲಿ ಎಫ್/1.8ಕ್ಕೆ ಸಿಗುವ ಡೆಪ್ತ್ (ಚೂಪಾಗಿ ಕಾಣುವ ಆಳ) ಒಟ್ಟು 6 ಸೆಂ.ಮೀ., ಮುಂದೆ ಮೂರು, ಹಿಂದೆ ಮೂರು. ‘ಹೇಳಿರಲಿಲ್ವಾ’ ಅನ್ನುವವರಿಗೆ ಹಬ್ಬ. ಆದರೆ ತಪ್ಪು ವಿಧಾನದ್ದಲ್ಲ, ಬೆಳಕಿನದು. ಮಂಟಪದ ಹ್ಯಾಲೊಜೆನ್ ದೀಪದಲ್ಲಿ ಕೆಂಪು, ಇನ್‌ಫ್ರಾರೆಡ್ ಹೆಚ್ಚು. ಲೆನ್ಸ್ ಎಲ್ಲ ಬಣ್ಣವನ್ನೂ ಒಂದೇ ದೂರದಲ್ಲಿ ಕೂಡಿಸುವುದಿಲ್ಲ, ಎಎಫ್ ಮಾಡ್ಯೂಲ್ ಬಣ್ಣ ಗ್ರಹಿಸುವ ರೀತಿ ಮುಖ್ಯ ಸೆನ್ಸರಿನದರಂತಲ್ಲ. ಮುಂದಿನ ಮದುವೆಯ ಹಿಂದಿನ ರಾತ್ರಿ ಮಂಟಪದ ದೀಪ ಹಾಕಿಸಿ ಅಲ್ಲೇ ಅಳೆದೆ: -12ರಿಂದ +6, ನಡು -3. ನನ್ನ ಬಾಡಿ ಒಂದು ಲೆನ್ಸಿಗೆ ಒಂದೇ ಅಂಕಿ ನೆನಪಿಡುತ್ತದೆ. ಹಾಗಾಗಿ ಲೆನ್ಸ್ ಕ್ಯಾಪಿನ ಒಳಗೆ ಬಿಳಿ ಟೇಪ್ ಅಂಟಿಸಿ ‘ಹಗಲು -8, ಮಂಟಪ -3’ ಎಂದು ಬರೆದಿದ್ದೇನೆ. ಕ್ಯಾಪ್ ತೆಗೆದಾಗಲೆಲ್ಲ ಕಣ್ಣಿಗೆ ಬೀಳುತ್ತದೆ.

ಗುರಿ ಕಾಗದದ ಮೇಲೆ ಏನು ಪ್ರಿಂಟ್ ಮಾಡಿದ್ದೇನೆ ಎಂಬುದನ್ನು ಬಿಟ್ಟುಕೊಡಲಾರೆ, ಎರಡು ತಿಂಗಳ ದುಡಿಮೆ ಅದು. ಅಡ್ಡ ಗೆರೆ, ಉದ್ದ ಗೆರೆ ಎರಡೂ ಇರಲಿ, ಅಂತರ ಒಂದೇ ಸಮ ಇರದಿರಲಿ, ಅಷ್ಟು ಹೇಳಬಲ್ಲೆ. ಸಮ ಅಂತರದ ಕಾಟ ಗೊತ್ತಾದದ್ದು ಸಣ್ಣ ಚೌಕಳಿಯ ಇಳಕಲ್ ಸೀರೆಯಿಂದ. ಎಎಫ್ ಎರಡು ಬಿಂಬಗಳನ್ನು ಹೊಂದಿಸಿ ನೋಡುತ್ತದೆ. ಚೌಕಳಿಯಲ್ಲಿ ಒಂದು ಮನೆ ಜರುಗಿದರೂ ಬಿಂಬ ಹೊಂದಿಕೊಂಡಂತೆಯೇ ಕಾಣುತ್ತದೆ, ಚುಕ್ಕಿ ಉರಿಯುತ್ತದೆ, ಚಿತ್ರ ಮಾತ್ರ ಔಟ್. ಸೀರೆ ಹರವಿ ಇಪ್ಪತ್ತು ಸಲ ಹಿಡಿದರೆ ಏಳೆಂಟು ಸಲ ಹಾಗಾಯಿತು. ಅಂಚಿನ ಗೆರೆ ಹಿಡಿದಾಗ ಒಂದೂ ತಪ್ಪಲಿಲ್ಲ.

ಹತ್ತರಲ್ಲಿ ಉಳಿದ ಆ ಎರಡು ಫ್ರೇಮ್ ಫೈನ್ ಟ್ಯೂನಿಗೆ ಸಿಗುವುದಿಲ್ಲ. ಅಲುಗದ ಗುರಿಗೇ ಪ್ರತಿಸಲ ಫೋಕಸ್ ಕೆಡಿಸಿ ಮತ್ತೆ ಹಿಡಿದರೂ ಲೆನ್ಸ್ ನಿಲ್ಲುವ ಜಾಗ ಕೂದಲೆಳೆಯಷ್ಟು ಬೇರೆ. ಒಂದೇ ಕಡೆಗೆ ವಾಲುವ ತಪ್ಪನ್ನು ಅಂಕಿ ತಿದ್ದುತ್ತದೆ, ಚದುರುವ ತಪ್ಪನ್ನಲ್ಲ. ಅದಕ್ಕೇ ಮಾಂಗಲ್ಯಧಾರಣೆಗೆ ಪ್ರತಿ ಸಲವೂ ಹೊಸದಾಗಿ ಫೋಕಸ್ ಹಿಡಿದು ಮೂರು ಸಲ ಒತ್ತುತ್ತೇನೆ. 70-200 ಜೂಮಿಗೆ ಎರಡು ತುದಿಗೂ ಬೇರೆ ಬೇರೆ ಅಂಕಿ ಬಂತು. ಇಡಲು ಜಾಗ ಒಂದೇ ಆದ್ದರಿಂದ 200ರದ್ದನ್ನು ಹಾಕಿದ್ದೇನೆ.