ಎಡಗೈಯ ಮಗುವಿಗೆ ಗಿಟಾರ್ ಆರಿಸುವ ಮುಂಚೆ

ಪೆನ್ನು ಹಿಡಿಯುವ ಕೈ ನೋಡಿ ಗಿಟಾರ್ ತರಬೇಡಿ. ನನ್ನ ಹತ್ತಿರ ಕಲಿಯಲು ಬರುವ ಮಕ್ಕಳ ಅಪ್ಪ ಅಮ್ಮಂದಿರಿಗೆ ನಾನು ಮೊದಲು ಹೇಳುವುದೇ ಇದನ್ನು. ನಾನೂ ಎಡಗೈಯವನು, ನುಡಿಸುವುದು ಮಾತ್ರ ಬಲಗೈಯವರ ಗಿಟಾರ್, ಅಂದರೆ ಬಲಗೈಯಲ್ಲಿ ಮೀಟಿ ಎಡಗೈಯಲ್ಲಿ ತಂತಿ ಒತ್ತುವಂಥದ್ದು.

ಮೊದಲು ಒಂದು ಹಾಡು ಹಾಕಿ, ಬರಿಗೈಯಲ್ಲೇ ಗಿಟಾರ್ ನುಡಿಸುವ ಹಾಗೆ ಮಾಡಲು ಹೇಳಿ. ತಂತಿ ಮೀಟಲು ಯಾವ ಕೈ ಹೋಗುತ್ತದೆ, ನೋಡಿ. ಆಮೇಲೆ ಮೇಜಿನ ಮೇಲೆ ತಾಳ ಹಾಕಿಸಿ. ಒಂದು ಕೈ ನಿಧಾನ, ಇನ್ನೊಂದು ಅದರ ಎರಡರಷ್ಟು ವೇಗ. ಕೈ ಬದಲಿಸಿ ಮತ್ತೆ ಮಾಡಿಸಿ. ದಣಿದರೂ ಲಯ ತಪ್ಪದ ಕೈಯೇ ಮೀಟುವ ಕೈ ಆಗಲಿ. ಬೇರೆ ಬೇರೆ ದಿನ ನೋಡಿ, ಯಾಕೆಂದರೆ ಎಡಗೈಯಲ್ಲಿ ಬರೆದು ಬಲಗೈಯಲ್ಲಿ ಚೆಂಡು ಎಸೆಯುವ ಮಕ್ಕಳೂ ಇರುತ್ತಾರೆ.

ಎಡಗೈಯನ್ನು ನಡೆಸುವುದು ಮುಖ್ಯವಾಗಿ ಮೆದುಳಿನ ಬಲಭಾಗ. ಹಾಗಂತ ಎಡಗೈಯವರ ಮೆದುಳಿನಲ್ಲಿ ಎಲ್ಲವೂ ತಿರುವುಮುರುವಾಗಿ ಇರುವುದಿಲ್ಲ. ಮಾತನ್ನೇ ತಗೊಳ್ಳಿ: ಎಡಗೈಯವರಲ್ಲೂ ಸುಮಾರು 70% ಜನರಿಗೆ ಅದನ್ನು ಹೆಚ್ಚಾಗಿ ನೋಡಿಕೊಳ್ಳುವುದು ಎಡಭಾಗವೇ. ಸಂಗೀತಕ್ಕಂತೂ ಎರಡೂ ಭಾಗ ಬೇಕು. ಜೊತೆಗೆ ಅಭ್ಯಾಸವೂ ಮೆದುಳನ್ನು ಬದಲಿಸುತ್ತದೆ. ತಂತಿವಾದ್ಯದವರ, ತಂತಿ ಒತ್ತುವ ಎಡಗೈ ಬೆರಳುಗಳನ್ನು ಮುಟ್ಟಿದಾಗ ಅವರ ಮೆದುಳಿನಲ್ಲಿ ಬೇರೆಯವರಿಗಿಂತ ಜೋರಾದ ಪ್ರತಿಕ್ರಿಯೆ ಕಾಣುತ್ತದೆ ಎಂದು 1995ರ ಒಂದು ಅಧ್ಯಯನ ತೋರಿಸಿತು. ಚಿಕ್ಕಂದಿನಲ್ಲೇ ಶುರು ಮಾಡಿದವರಲ್ಲಿ ಅದು ಇನ್ನೂ ಜಾಸ್ತಿ ಇತ್ತು. ಹಾಗಾಗಿ ಕೈ ಆರಿಸುವುದು ಬೇಗ ಆದಷ್ಟೂ ಒಳ್ಳೆಯದು ಅಂತ ನನಗನಿಸುತ್ತದೆ.

ಎಡಗೈ ಮೀಟುವ ಕೈ ಅಂತಾದರೆ ಎಡಗೈಯವರ ಗಿಟಾರನ್ನೇ ತನ್ನಿ. ಹೆಸರಾಂತ ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ ಬಲಗೈ ಗಿಟಾರನ್ನು ತಿರುಗಿಸಿ, ತಂತಿಗಳ ಜಾಗ ಬದಲಿಸಿ ನುಡಿಸುತ್ತಿದ್ದರು, ನಿಜ. ಆದರೆ ಗಿಟಾರಿನ ಕತ್ತಿನ ತುದಿಯಲ್ಲಿ ತಂತಿಗಳು ಕೂರುವ ಪಟ್ಟಿಯಾದ ನಟ್‌ನಲ್ಲಿರುವ ಕಚ್ಚುಗಳು ದಪ್ಪ ತಂತಿಗೆ ಅಗಲ, ಸಣ್ಣದಕ್ಕೆ ಕಿರಿದು. ಸುಮ್ನೆ ತಂತಿ ಅದಲುಬದಲು ಮಾಡಿದರೆ ದಪ್ಪ ತಂತಿ ಕಚ್ಚಿಗೆ ಕೂರುವುದಿಲ್ಲ, ಸಣ್ಣದು ಅಲ್ಲಾಡುತ್ತದೆ. ಕಲಿಯುವ ಮಗುವಿಗೆ ಆ ಕಾಟ ಯಾಕೆ? ಪಿಯಾನೊಗೆ ಈ ಯೋಚನೆಯೇ ಬೇಡ, ಎಲ್ಲರಿಗೂ ಅದೇ ಕೀಲಿಗಳು.

ಈಗಾಗಲೇ ಬಲಗೈ ಗಿಟಾರ್ ಚೆನ್ನಾಗಿ ನುಡಿಸುತ್ತಿದ್ದರೆ ಬದಲಿಸಬೇಡಿ. ಮೀಟುವ ಬಲಗೈ ತಡವರಿಸುತ್ತಿದ್ದರೆ, ಎಡಗೈಯನ್ನು ತಂತಿಗಳ ಮೇಲೆ ಹಗುರವಾಗಿ ಇಟ್ಟು ನಾದ ಅಡಗಿಸಿ. ಮೆಟ್ರೊನೋಮ್ (ಟಿಕ್ ಟಿಕ್ ಎಂದು ಲಯ ಕೊಡುವ ಸಾಧನ) ನಿಧಾನಕ್ಕೆ ಇಟ್ಟು ಬಲಗೈಯಿಂದ ಬರೀ ಲಯ ಮೀಟಿಸಿ. ಅದು ಸಮವಾಗಿ ಬಂದ ಮೇಲೆ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಹಿಡಿಸಿ.