ಎದುರುನೋಟ ಆಮೇಲೆ, ಮೊದಲು ಮನೆಯನ್ನು ಸೀಳಿ ನೋಡೋಣ

ಪ್ಲಸ್ ಟು ಮಕ್ಕಳಿಗೆ ಕಟ್ಟಡ ವಿನ್ಯಾಸದ ರುಚಿ ಹತ್ತಿಸಲು ಹೊರಟ ಶಿಬಿರಗಳು ಹೆಚ್ಚಾಗಿ ಎಡವುವುದು ಮೊದಲ ಗಂಟೆಯಲ್ಲೇ. ‘ನಿಮ್ಮ ಕನಸಿನ ಮನೆ ಬಿಡಿಸಿ’ ಎಂದು ಕಾಗದ ಕೊಟ್ಟುಬಿಡುತ್ತಾರೆ. ಎರಡು ದುಂಡು ಕಂಬ, ಒಂದು ಕಮಾನು, ಮೇಲೊಂದು ಬಾಲ್ಕನಿ ಬರುತ್ತದೆ. ಆ ಗೋಡೆ ಎಷ್ಟು ದಪ್ಪ, ಮಳೆ ಯಾವ ಕಡೆಯಿಂದ ಹೊಡೆಯುತ್ತದೆ, ಮೆಟ್ಟಿಲು ಹತ್ತುವಾಗ ತಲೆ ತಾಗುತ್ತದೆಯೇ ಎಂದು ಕೇಳಿದರೆ ಉತ್ತರವಿಲ್ಲ. ಮರುದಿನ ಲ್ಯಾಪ್‌ಟಾಪಿನಲ್ಲಿ ತ್ರೀಡಿ ಸಾಫ್ಟ್‌ವೇರ್ ತೆರೆದರೂ ಗೊಂದಲ ಹಾಗೇ ಉಳಿಯುತ್ತದೆ. ಮನೆಯ ಮುಖವನ್ನು, ಅಂದರೆ ಎದುರುನೋಟವನ್ನು, ಬಿಡಿಸಲು ಕಲಿತ ಮಗು ಮನೆಯನ್ನು ಕಲಿತಿರುವುದಿಲ್ಲ.

ನಮ್ಮ ಕಾಸರಗೋಡಿನಲ್ಲಿ ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ಈ ಪಾಠಕ್ಕೆ ಬೇಕಾದ ಕಟ್ಟಡ ಊರೂರಲ್ಲಿದೆ: ಕೆಂಪುಕಲ್ಲಿನ ಗೋಡೆ, ಮಂಗಳೂರು ಹಂಚಿನ ಮಾಡು (ಛಾವಣಿ). ಅಂಥ ಒಂದು ಮನೆ, ಆರು ಶನಿವಾರ, ಹತ್ತು ಹನ್ನೆರಡು ಮಕ್ಕಳು ಸಾಕು.

ಮನೆ ಆರಿಸುವಾಗ ದೊಡ್ಡದಕ್ಕೆ ಆಸೆಪಡಬೇಡಿ. ಬೇಕಲ ಕೋಟೆಯೂ ಕೆಂಪುಕಲ್ಲಿನದೇ, ಆದರೆ ಹೊಸಬರ ಟೇಪಿಗೆ ಅದು ದಕ್ಕುವುದಿಲ್ಲ. ಮಧೂರು ದೇವಸ್ಥಾನದ ಗಜಪೃಷ್ಠ ಆಕಾರ, ಅಂದರೆ ಆನೆಯ ಹಿಂಭಾಗದಂತೆ ದುಂಡಗಿನದು, ಅಪರೂಪದ್ದು. ಆದರೆ ಬಾಗಿದ ಗೋಡೆಯನ್ನು ಅಳೆಯುವ ಕ್ರಮವೇ ಬೇರೆ, ಅದು ಎರಡನೇ ವರ್ಷದ ಪಾಠ. ಜಗಲಿ, ಚಾವಡಿ, ಅಡಿಗೆಮನೆ, ಒಂದೆರಡು ಕೋಣೆ ಇರುವ ಮನೆ ಹಿಡಿಯಿರಿ. ಒಂದು ಗೋಡೆಯಾದರೂ ಗಾರೆ ಬಳಿಯದೆ ಇದ್ದರೆ ಒಳ್ಳೆಯದು, ಏಕೆಂದರೆ ಕಲ್ಲಿನ ಸಾಲುಗಳೇ ಅಳತೆಗೋಲಾಗುತ್ತವೆ. ಐದು ಸಾಲು ಅಳೆದು ಐದರಿಂದ ಭಾಗಿಸಿ, ಒಟ್ಟು ಸಾಲು ಎಣಿಸಿ ಗುಣಿಸಿದರೆ ಟೇಪು ಹೇಳಿದ ಎತ್ತರ ಸರಿಯೋ ತಪ್ಪೋ ಗೊತ್ತಾಗುತ್ತದೆ. ಮನೆಯವರ ಒಪ್ಪಿಗೆ ಮುಂಚೆಯೇ ಪಡೆಯಿರಿ, ದೇವರ ಕೋಣೆ ಮತ್ತು ಅಡಿಗೆಮನೆಗೆ ಯಾವ ಹೊತ್ತಿನಲ್ಲಿ ಬರಬಹುದೆಂದು ಕೇಳಿಕೊಳ್ಳಿ.

ಸಾಮಾನು: ಇಬ್ಬರಿಗೊಂದು 5 ಮೀಟರಿನ ಸ್ಟೀಲ್ ಟೇಪು, ಎ3 ಕಾಗದ, ಎಚ್‌ಬಿ ಮತ್ತು 2ಬಿ ಪೆನ್ಸಿಲು, 30 ಸೆಂ.ಮೀ. ಸ್ಟೀಲ್ ಸ್ಕೇಲು, ಮೂಲೆಮಟ್ಟಗಳ (ಸೆಟ್ ಸ್ಕ್ವೇರ್) ಜೋಡಿ, ಕಂಪಾಸು, ಕೋನಮಾಪಕ. ಮೂರು ಬದಿಯ ಪ್ಲಾಸ್ಟಿಕ್ ಸ್ಕೇಲು ಕೊಳ್ಳಬೇಡಿ. ಅಗ್ಗದವುಗಳಲ್ಲಿ ಗೆರೆಗಳೇ ಸರಿಯಾಗಿ ಅಚ್ಚಾಗಿರುವುದಿಲ್ಲ, ಮೇಲಾಗಿ ಯಾವ ಬದಿಯಲ್ಲಿ ಓದುತ್ತಿದ್ದೇನೆಂದು ಮಕ್ಕಳು ಮರೆಯುತ್ತಾರೆ. 1:50 ಎಂದರೆ 1 ಮೀಟರಿಗೆ ಕಾಗದದ ಮೇಲೆ 2 ಸೆಂ.ಮೀ.; ಸಾಮಾನ್ಯ ಸ್ಕೇಲಿನಲ್ಲೇ ಅದು ಸಲೀಸು. ಫೋನಿನ ಅಳತೆ ಆ್ಯಪ್ ಬೇಡವೇ ಬೇಡ.

ಅಳೆಯುವುದು

ಮೊದಲು ಪ್ರತಿಯೊಬ್ಬರೂ ತಮ್ಮ ಗೇಣು, ಮೊಳ, ಹೆಜ್ಜೆ, ಕೈ ಎತ್ತಿದಾಗಿನ ಎತ್ತರ ಬರೆದಿಟ್ಟುಕೊಳ್ಳಲಿ. ನಮ್ಮ ಕಡೆಯ ಆಚಾರಿಗಳ ಹಳೆಯ ಕೋಲಿಗೆ 24 ಅಂಗುಲ, ಈಗಿನ ಲೆಕ್ಕಕ್ಕೆ ಸುಮಾರು 72 ಸೆಂ.ಮೀ. ಅಳತೆ ಹುಟ್ಟಿದ್ದೇ ಮೈಯಿಂದ ಎಂಬುದು ಹೀಗೆ ತಾನಾಗಿ ತಿಳಿಯುತ್ತದೆ.

ಟೇಪಿನ ತುದಿಯ ಕೊಕ್ಕೆ ಸ್ವಲ್ಪ ಅಲ್ಲಾಡುತ್ತದೆ. ಹಾಳಾಗಿದೆಯೆಂದು ಸುತ್ತಿಗೆಯಲ್ಲಿ ಬಡಿದು ಬಿಗಿ ಮಾಡುವವರಿದ್ದಾರೆ. ಮಾಡಬೇಡಿ. ಕೊಕ್ಕೆಯ ದಪ್ಪದಷ್ಟೇ ಅದು ಅಲ್ಲಾಡಬೇಕು. ಹೊರ ಅಂಚಿಗೆ ಸಿಕ್ಕಿಸಿ ಎಳೆದಾಗಲೂ ಒಳಮೂಲೆಗೆ ಒತ್ತಿದಾಗಲೂ ಸೊನ್ನೆ ಸರಿಯಾಗಿ ಕೂರುವುದು ಅದರಿಂದಲೇ.

ಗೋಡೆಯ ಉದ್ದಕ್ಕೆ ಕಿಟಕಿ, ಬಾಗಿಲುಗಳನ್ನು ತುಂಡು ತುಂಡಾಗಿ ಅಳೆದು ಕೂಡಿಸಬಾರದು. ಒಂದೊಂದು ತುಂಡಿಗೆ ಅರ್ಧ ಸೆಂ.ಮೀ. ತಪ್ಪಿದರೂ ಎಂಟು ತುಂಡಿಗೆ 4 ಸೆಂ.ಮೀ. ಆದೀತು. ಸೊನ್ನೆಯನ್ನು ಒಂದೇ ಮೂಲೆಯಲ್ಲಿ ಹಿಡಿದು ದಾರಂದದ (ಚೌಕಟ್ಟಿನ) ಅಂಚು, ಕಿಟಕಿಯ ಅಂಚು, ಕೊನೆಯ ಮೂಲೆ ಎಂದು ಒಂದೇ ಸಲಕ್ಕೆ ಓದುತ್ತ ಹೋಗಲಿ. ಪ್ರತಿ ಕೋಣೆಯಲ್ಲೂ ಮೂಲೆಯಿಂದ ಮೂಲೆಗೆ ಎರಡು ಕರ್ಣಗಳ ಅಳತೆ ಬೇಕೇಬೇಕು. ಹಳೆಯ ಕೋಣೆಗಳು ಕಣ್ಣಿಗೆ ಚೌಕವಾಗಿ ಕಂಡರೂ ಹಾಗಿರುವುದು ಅಪರೂಪ. 3 ಮೀ., 4 ಮೀ. ಕೋಣೆಯ ಕರ್ಣ 5 ಮೀ. ಇರದಿದ್ದರೆ ಮೂಲೆ ಸರಿಯಿಲ್ಲ ಎಂದರ್ಥ. ಕಂಪಾಸಿನಿಂದ ತ್ರಿಕೋನ ಕಟ್ಟಿ ಇದ್ದಂತೆಯೇ ಬಿಡಿಸಬೇಕು. ಅಡಿ, ಇಂಚು, ಸೆಂ.ಮೀ. ಬೆರೆಸಬೇಡಿ, ಎಲ್ಲವೂ ಸೆಂ.ಮೀ.ನಲ್ಲೇ ಇರಲಿ.

ನೆಲನಕ್ಷೆ, ಅಂದರೆ ಪ್ಲಾನ್, ಇಷ್ಟಾದರೆ ಸುಲಭ. ನೆಲದಿಂದ 1.2 ಮೀ. ಎತ್ತರದಲ್ಲಿ ಮನೆಯನ್ನು ಅಡ್ಡಕ್ಕೆ ಕೊಯ್ದು ಮೇಲಿನದನ್ನು ಎತ್ತಿಟ್ಟರೆ ಕಾಣುವುದೇ ಅದು. ಕೊಯ್ದ ಗೋಡೆಗೆ ದಪ್ಪ ಗೆರೆ, ಉಳಿದದ್ದಕ್ಕೆ ತೆಳು ಗೆರೆ. ಬಡಗು ದಿಕ್ಕಿನ ಬಾಣ ಮರೆಯಬೇಡಿ.

ಸೀಳುನೋಟ

ಇಲ್ಲಿಗೆ ಎರಡು ಶನಿವಾರ ಮೀಸಲಿಡಿ. ಸೀಳುನೋಟ, ಅಂದರೆ ಸೆಕ್ಷನ್, ಮಕ್ಕಳಿಗೆ ಅರ್ಥವಾಗದಿರುವುದಕ್ಕೆ ಕಾರಣ ಸರಳ: ಯಾರೂ ಮನೆಯನ್ನು ಹಾಗೆ ನೋಡಿರುವುದಿಲ್ಲ. ಎರಡು ಪಪ್ಪಾಯಿ ತನ್ನಿ. ಒಂದನ್ನು ಅಡ್ಡಕ್ಕೆ, ಇನ್ನೊಂದನ್ನು ಉದ್ದಕ್ಕೆ ಕೊಯ್ಯಿರಿ. ಅಡ್ಡಕ್ಕೆ ಕೊಯ್ದಾಗ ನಡುವೆ ನಕ್ಷತ್ರದಂಥ ಪೊಳ್ಳು, ಉದ್ದಕ್ಕೆ ಕೊಯ್ದಾಗ ದೋಣಿಯಂಥ ಪೊಳ್ಳು. ಹಣ್ಣು ಒಂದೇ, ಎಲ್ಲಿ ಕೊಯ್ದಿರಿ ಎಂಬುದರ ಮೇಲೆ ಕಾಣುವುದು ಬೇರೆ. ಮೊದಲನೆಯದು ನೆಲನಕ್ಷೆ, ಎರಡನೆಯದು ಸೀಳುನೋಟ. ಹಲಸಿನಹಣ್ಣೂ ಆಗುತ್ತದೆ, ಆದರೆ ಮೇಣ ಕಾಗದಕ್ಕೆ ಹತ್ತುತ್ತದೆ.

ನೆಲನಕ್ಷೆಯ ಮೇಲೆ ಕೊಯ್ಯುವ ಗೆರೆ ಎಳೆದು, ನೋಡುವ ದಿಕ್ಕಿಗೆ ಬಾಣ ಹಾಕಿಸಿ. ಆ ಗೆರೆ ಮಾಡಿನ ನೆತ್ತಿಯನ್ನು ಅಡ್ಡ ದಾಟಬೇಕು. ನೆತ್ತಿಯ ಉದ್ದಕ್ಕೇ ಕೊಯ್ದರೆ ಇಳಿಜಾರೇ ಕಾಣುವುದಿಲ್ಲ. ಒಂದು ಬಾಗಿಲು, ಒಂದು ಕಿಟಕಿಯ ನಡುವೆ ಹಾದುಹೋಗಲಿ. ಕಂಬದ ಮೇಲಾಗಲಿ ಗೋಡೆಯ ದಪ್ಪದೊಳಗೇ ಆಗಲಿ ಹೋಗಬಾರದು. ಹಾಗೆ ಹೋದರೆ ಇಡೀ ಚಿತ್ರ ಕಪ್ಪು ಗೋಡೆಯಾಗುತ್ತದೆ, ಕೋಣೆ ಕಾಣುವುದೇ ಇಲ್ಲ.

ಎತ್ತರಗಳನ್ನೆಲ್ಲ ಚಾವಡಿಯ ನೆಲದಿಂದ ಅಳೆಯಿರಿ. ನೆಲ ಸೊನ್ನೆ, ಅಂಗಳ 45 ಸೆಂ.ಮೀ. ಕೆಳಗಿದ್ದರೆ ಅದು ಕಳೆ 45 (−45). ಅಂಗಳದಿಂದ ಕೆಲವು, ಜಗಲಿಯಿಂದ ಕೆಲವು ಅಳತೆ ತಂದು ಬೆರೆಸಿದ ನಕ್ಷೆ ಎಂದೂ ಕೂಡಿಬರುವುದಿಲ್ಲ.

ಮಾಡಿನ ನೆತ್ತಿಗೆ ಟೇಪು ಎಟಕದು. ಮಕ್ಕಳನ್ನು ಹತ್ತಿಸಬೇಡಿ, ಹಂಚು ಎಣಿಸಿದರೆ ಸಾಕು. 1865ರಲ್ಲಿ ಬಾಸೆಲ್ ಮಿಶನ್ ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆ ತೆರೆದ ಮೇಲೆ ಕರಾವಳಿಯ ಮನೆಗಳ ಮೇಲೇರಿದ ಈ ಹಂಚಿನ ಗುಣವೇ ಒಂದೇ ಅಳತೆ. ಅಟ್ಟದಲ್ಲಿ ನಿಂತು ಹಂಚು ಕೂರುವ ಮರದ ಪಟ್ಟಿ, ಅಂದರೆ ರೀಪು, ಒಂದರಿಂದ ಮುಂದಿನ ರೀಪಿಗೆ ಎಷ್ಟೆಂದು ಅಳೆಯಿರಿ. ಸಾಮಾನ್ಯವಾಗಿ 32 ಸೆಂ.ಮೀ. ಆಸುಪಾಸು. ಹೊರಗೆ ನಿಂತು ಸೂರಿನಿಂದ ನೆತ್ತಿಯವರೆಗೆ ಸಾಲು ಎಣಿಸಿ. 13 ಸಾಲಿದ್ದರೆ ಇಳಿಜಾರಿನ ಉದ್ದ 416 ಸೆಂ.ಮೀ. ನೆತ್ತಿಯ ನೇರದಿಂದ ಸೂರಿನ ತುದಿಗೆ ನೆಲದ ಮೇಲೆ 360 ಸೆಂ.ಮೀ. ಎಂದಿಟ್ಟುಕೊಳ್ಳಿ. ಪೈಥಾಗೊರಸ್ ಲೆಕ್ಕ ಹಾಕಿದರೆ ಏರು ಸುಮಾರು 208 ಸೆಂ.ಮೀ., ಇಳಿಜಾರು 30 ಡಿಗ್ರಿ. ಗಣಿತದ ಪೀರಿಯಡ್ಡಿನಲ್ಲಿ ಬೇಸರಪಟ್ಟ ಮಕ್ಕಳೂ ಇಲ್ಲಿ ಆಸಕ್ತಿಯಿಂದ ಲೆಕ್ಕ ಮಾಡುತ್ತಾರೆ.

ಈಗ ನೆಲನಕ್ಷೆಯ ಕೆಳಗೆ ಇನ್ನೊಂದು ಕಾಗದ ಅಂಟಿಸಿ, ಕೊಯ್ಯುವ ಗೆರೆ ಗೋಡೆಗಳನ್ನು ಮುಟ್ಟಿದ ಪ್ರತಿ ಜಾಗದಿಂದ ನೇರ ಗೆರೆ ಇಳಿಸಲಿ. ಅದರ ಮೇಲೆ ಅಂಗಳ, ನೆಲ, ಕಿಟಕಿಯ ಅಡಿ, ಕಿಟಕಿಯ ತಲೆ, ಗೋಡೆಯ ತಲೆ, ನೆತ್ತಿ ಎಂದು ಅಡ್ಡಗೆರೆಗಳು. ಇಲ್ಲಿ ಮೂರು ತಪ್ಪು ಕಾದಿರುತ್ತವೆ.

ಒಂದು, ಕಿಟಕಿ. ಗೆರೆ ಕಿಟಕಿಯ ಮೂಲಕ ಹೋದಾಗ ಗೋಡೆ ಪೂರ್ತಿ ಕೊಯ್ದಿರುವುದಿಲ್ಲ. ಕಿಟಕಿಯ ಅಡಿಯಲ್ಲಿರುವ ಗೋಡೆಗೂ ಮೇಲಿರುವ ಗೋಡೆಗೂ ದಪ್ಪ ಗೆರೆ. ನಡುವೆ ಕೊಯ್ದದ್ದು ದಾರಂದದ ಅಡ್ಡಮರ ಮಾತ್ರ. ಆಚೆ ಕಾಣುವ ಗೋಡೆಯ ಅಂಚು ತೆಳು ಗೆರೆ. ಮಕ್ಕಳು ನೆಲದಿಂದ ಮಾಡಿನವರೆಗೆ ಗೋಡೆ ತುಂಬಿಸಿ, ಅದರ ಮೇಲೆ ಚೌಕ ಕಿಟಕಿ ಅಂಟಿಸುತ್ತಾರೆ. ಅಂದರೆ ಮನಸ್ಸಿನಲ್ಲಿ ಅವರಿನ್ನೂ ಹೊರಗೇ ನಿಂತಿದ್ದಾರೆ.

ಎರಡು, ಸೂರು. ಮಾಡು ಗೋಡೆಯ ತಲೆಗೇ ನಿಲ್ಲುವುದಿಲ್ಲ, ಪಕ್ಕಾಸು (ಮಾಡಿನ ಇಳಿಜಾರು ಮರ) ಮುಂದೆ ಚಾಚಿದಂತೆ ಕೆಳಕ್ಕೂ ಇಳಿಯುತ್ತದೆ. 30 ಡಿಗ್ರಿಯಲ್ಲಿ 60 ಸೆಂ.ಮೀ. ಮುಂಚಾಚಿದರೆ ಸೂರು ಸುಮಾರು 35 ಸೆಂ.ಮೀ. ಇಳಿದಿರುತ್ತದೆ. ಗೋಡೆಯ ತಲೆ 255 ಸೆಂ.ಮೀ. ಇದ್ದರೆ ಸೂರಿನ ತುದಿ 220. ಸೂರು ಇನ್ನೂ ಹೆಚ್ಚು ಚಾಚಿರುವ ಹಳೆಯ ಮನೆಗಳ ಜಗಲಿಗೆ ತಲೆ ತಗ್ಗಿಸಿ ಹೋಗಬೇಕಾಗುವುದು ಇದೇ ಲೆಕ್ಕದಿಂದ.

ಮೂರು, ನೆಲದಡಿ. ಪಂಚಾಂಗವನ್ನೇ (ತಳಪಾಯ) ಬಿಡಿಸದೆ ಮನೆಯನ್ನು ಗಾಳಿಯಲ್ಲಿ ತೇಲಿಸುತ್ತಾರೆ. ಎಷ್ಟು ಆಳ ಎಂದು ನೋಡಲಾಗದಿದ್ದರೆ ಕಟ್ಟಿದ ಮೇಸ್ತ್ರಿಯನ್ನೋ ಮನೆಯ ಹಿರಿಯರನ್ನೋ ಕೇಳಿ ಬರೆದು, ಚುಕ್ಕಿಗೆರೆಯಲ್ಲಿ ತೋರಿಸಲಿ.

ಕೊನೆಗೆ ಒಬ್ಬ ಮನುಷ್ಯನನ್ನು ನಿಲ್ಲಿಸಿ. 160 ಸೆಂ.ಮೀ. ಎತ್ತರದವರು 1:50ರಲ್ಲಿ 3.2 ಸೆಂ.ಮೀ. ಈ ಗೊಂಬೆಯಿಲ್ಲದ ಸೀಳುನೋಟವನ್ನು ಸ್ವೀಕರಿಸಲೇಬೇಡಿ.

ಅದೇ ಕಾಗದದ ಮೇಲೆ ಮಳೆ, ಬಿಸಿಲು

ಮಳೆ ಗಾಳಿಯೊಂದಿಗೆ 45 ಡಿಗ್ರಿ ಓರೆಯಾಗಿ ಹೊಡೆಯುತ್ತದೆ ಎಂದಿಟ್ಟು, ಸೂರಿನ ತುದಿಯಿಂದ ಮೂಲೆಮಟ್ಟದಲ್ಲಿ ಗೆರೆ ಎಳೆಯಿರಿ. 60 ಸೆಂ.ಮೀ. ಚಾಚಿದ ಸೂರು ಕೆಳಗೆ 60 ಸೆಂ.ಮೀ. ಮಾತ್ರ ಕಾಯುತ್ತದೆ. ಸೂರು 220ರಲ್ಲಿದ್ದರೆ 160ರಿಂದ ಕೆಳಗೆ ಗೋಡೆ ಒದ್ದೆ; 90ರಿಂದ 210ರವರೆಗಿನ ಕಿಟಕಿಯ ಅರ್ಧಕ್ಕಿಂತ ಹೆಚ್ಚು ಭಾಗಕ್ಕೆ ಎರಚಲು. ಪಡುವಣ ಕಡೆಗೆ ಜಗಲಿ ಯಾಕೆ ಬೇಕು, ಮಳೆಗಾಲಕ್ಕೆ ಸೋಗೆಯ ತಟ್ಟಿ ಯಾಕೆ ಕಟ್ಟುತ್ತಾರೆ ಎಂಬುದಕ್ಕೆ ಈ ಒಂದು ಗೆರೆ ಸಾಕು.

ಬಿಸಿಲಿಗೂ ಹಾಗೇ. ಕಾಸರಗೋಡು ಇರುವುದು ಸುಮಾರು 12.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಡಿಸೆಂಬರ್ 21ರ ನಡುಹಗಲಲ್ಲಿ ಸೂರ್ಯ ತೆಂಕಲಿಗೆ 54 ಡಿಗ್ರಿ ಎತ್ತರದಲ್ಲಿರುತ್ತಾನೆ. ತೆಂಕು ಗೋಡೆಗೆ ಅದೇ ಸೂರು ಕೆಳಗೆ 83 ಸೆಂ.ಮೀ. ನೆರಳು ಕೊಡುತ್ತದೆ. ಮಾರ್ಚ್ 21ರ ಸಂಜೆ ಗಡಿಯಾರದ ನಾಲ್ಕೂವರೆ ಹೊತ್ತಿಗೆ ಪಡುವಣ ಗೋಡೆಗೆ ಬಿಸಿಲು 29 ಡಿಗ್ರಿಯಲ್ಲಿ ಬೀಳುತ್ತದೆ, ಆಗ ನೆರಳು ಬರೀ 34 ಸೆಂ.ಮೀ. ಪಡುವಣ ಕಿಟಕಿಗೆ ಸೂರೊಂದೇ ಸಾಲದು ಎಂದು ಮಗು ತಾನೇ ಹೇಳುತ್ತದೆ. ನೆನಪಿಡಿ, ನಮ್ಮಲ್ಲಿ ನಡುಹಗಲೆಂದರೆ ಸುಮಾರು ಹನ್ನೆರಡೂವರೆ. ಗಡಿಯಾರ 82.5 ಡಿಗ್ರಿ ರೇಖಾಂಶದ್ದು, ನಾವಿರುವುದು 75ರಲ್ಲಿ, ಡಿಗ್ರಿಗೆ 4 ನಿಮಿಷದಂತೆ ಅರ್ಧ ಗಂಟೆ ಅಂತರ.

ಬಡಗು ಕಿಟಕಿಗೆ ಎಂದೂ ಬಿಸಿಲು ಬರುವುದಿಲ್ಲ ಎಂದು ಪುಸ್ತಕ ನೋಡಿ ಹೇಳಿಕೊಡುವವರಿದ್ದಾರೆ. ನಡುಹಗಲಿನ ಮಟ್ಟಿಗೆ ಅದು ಚಳಿದೇಶಗಳ ಮಾತು. ಏಪ್ರಿಲ್ ಕೊನೆಗೆ ಸೂರ್ಯ ನಮ್ಮ ನೆತ್ತಿ ದಾಟಿ ಬಡಗಿಗೆ ಹೋಗಿ, ಆಗಸ್ಟ್ ಮೂರನೇ ವಾರಕ್ಕೆ ಮರಳುತ್ತಾನೆ. ಮೇ ತಿಂಗಳಲ್ಲಿ ಬಡಗು ಗೋಡೆ ಮುಟ್ಟಿನೋಡಲಿ.

ಮಾದರಿ, ಆಮೇಲೆ ವಿನ್ಯಾಸ

ಐದನೇ ಶನಿವಾರ 1:50ರ ಮಾದರಿ. 20 ಸೆಂ.ಮೀ. ಗೋಡೆಗೆ 4 ಮಿ.ಮೀ. ದಪ್ಪ, 2 ಮಿ.ಮೀ. ರಟ್ಟು ಎರಡು ಅಂಟಿಸಿದರಾಯಿತು. ಬಿಳಿ ಅಂಟು ಸಾಕು. ಒಂದೇ ಏಟಿಗೆ ಒತ್ತಿ ಕೊಯ್ದರೆ ಅಲಗು ಜಾರುತ್ತದೆ, ಸ್ಟೀಲ್ ಸ್ಕೇಲಿಟ್ಟು ನಾಲ್ಕು ಸಲ ಹಗುರವಾಗಿ ಎಳೆಯಲಿ. ಥರ್ಮೋಕೋಲ್ ಬೇಡ: ಅಂಚು ಪುಡಿಯಾಗುತ್ತದೆ, ಕೆಲವು ಅಂಟಿಗೆ ಕರಗಿಯೇ ಹೋಗುತ್ತದೆ. ಮಾಡನ್ನು ಅಂಟಿಸದೆ ತೆಗೆದಿಡುವಂತೆ ಮಾಡಿ.

ಆರನೇ ವಾರ ಹೊಸದೊಂದು ಕಟ್ಟಲು ಕೊಡಿ, ಆದರೆ ಚಿಕ್ಕದು: ಎಂಟು ಮಂದಿ ಕೂರುವ ಬಸ್ ತಂಗುದಾಣ. ಒಬ್ಬರಿಗೆ 50 ಸೆಂ.ಮೀ.ನಂತೆ 4 ಮೀ. ಬೆಂಚು, ಕೂರುವ ಎತ್ತರ 45. ಸೂರು 220ರಲ್ಲಿದ್ದು ಮಳೆ ಎದುರಿನಿಂದ 45 ಡಿಗ್ರಿಯಲ್ಲಿ ಹೊಡೆದರೆ, ಕೂತವರ ಮೊಣಕಾಲು ಒದ್ದೆಯಾಗದಿರಲು ಮಾಡು ಮೊಣಕಾಲಿನಿಂದ ಸುಮಾರು 175 ಸೆಂ.ಮೀ. ಮುಂದೆ ಚಾಚಬೇಕು. ಅಷ್ಟು ಚಾಚಿದರೆ ಬಸ್ಸಿಗೆ ತಾಗೀತು. ಸೂರು ತಗ್ಗಿಸಿದರೆ ನಿಂತವರ ತಲೆಗೆ ಬಡಿಯುತ್ತದೆ. ಗಾಳಿಯ ಕಡೆಗೆ ಗೋಡೆ ಕಟ್ಟಿದರೆ ಬರುವ ಬಸ್ಸು ಕಾಣಲಿಕ್ಕಿಲ್ಲ. ಉತ್ತರ ನೀವು ಹೇಳಬೇಡಿ, ಪ್ರತಿಯೊಬ್ಬರೂ ಮೂರು ಬೇರೆ ಬೇರೆ ಸೀಳುನೋಟ ತರಲಿ. ಅವುಗಳಲ್ಲಿ ಒಂದನ್ನು ಆರಿಸಿ ನೆಲನಕ್ಷೆ ಮಾಡಿದ ಮೇಲೆ, ಕೊನೆಯ ಒಂದು ಗಂಟೆಯಲ್ಲಿ ಎದುರುನೋಟ ಬಿಡಿಸಬಹುದು. ಕಮಾನು ಬೇಕೆಂದವರು ಅದರ ಸೀಳುನೋಟವನ್ನೂ ಜೊತೆಗಿಡಲಿ.